ಉಡುಪೋ, ಕಟ್ಟೋ?

ಅರಸರ ಕಿರೀಟಗಳ ಇತಿಹಾಸವನ್ನು ಬರೆದವರು ಹಲವರು. ಕೂಸಿನ ಬಟ್ಟೆಯ ಇತಿಹಾಸವನ್ನು ವಿಚಾರಿಸಿದವರು ವಿರಳ. ಕಿರೀಟ ಕೆಲವರ ತಲೆಯನ್ನು ಮಾತ್ರ ಒತ್ತಿತು. ಕೂಸಿನ ಬಟ್ಟೆಯಾದರೋ ಅರಸನ ಮಗನನ್ನೂ ಆಳಿನ ಮಗನನ್ನೂ ಒಂದೇ ಸಮನೆ ಒತ್ತಿದೆ. ತೊಡುವ ಕೂಸಿಗೆ ಮಾತು ಬಾರದು. ತೊಡಿಸುವ ತಾಯಿಯ ಮಾತನ್ನು ಕೇಳಿದವರು ಕಡಮೆ. ಪಶ್ಚಿಮ ದೇಶಗಳಲ್ಲಿ ಈ ಬಟ್ಟೆ ಬದಲಾದ ಬಗೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಯೂರೋಪಿನಲ್ಲಿ ಶತಮಾನಗಳ ಕಾಲ ಹಸುಗೂಸನ್ನು ಹೆಗಲಿನಿಂದ ಪಾದದವರೆಗೆ ಲಿನನ್ ಪಟ್ಟಿಗಳಿಂದ ಸುತ್ತಿಡುತ್ತಿದ್ದರು. ಹಾಗೆ ಕಟ್ಟದಿದ್ದರೆ ಕೈಕಾಲು ಡೊಂಕಾದೀತೆಂಬ ಭಯ. ಕ್ರಿ. ಶ. 2ನೆಯ ಶತಮಾನದ ಗ್ರೀಕ್ ವೈದ್ಯ ಸೊರೇನಸ್ ಕೂಡ ಸುತ್ತುವ ಕ್ರಮವನ್ನು ವಿವರಿಸಿದ್ದಾನೆ. ಕಟ್ಟಿದ ಕೂಸು ಹೊರಳದು, ಕಾಯುವವರಿಗೆ ನಿಶ್ಚಿಂತೆ. ದಾದಿಯರು ಇಂಥ ಕೂಸನ್ನು ಬಟ್ಟೆಯ ಗಂಟಿನಂತೆ ಮೊಳೆಗೆ ತೂಗುಹಾಕಿ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರೆಂದು ರೂಸೋ 1762ರ ‘ಎಮಿಲ್’ ಗ್ರಂಥದಲ್ಲಿ ಕಟುವಾಗಿ ಬರೆದ. ಕಾಲು ನೀಟಾಗಲೆಂದು ಬಿಗಿದು ಕಟ್ಟಿದರೆ ಸೊಂಟದ ಕೀಲಿಗೇ ಕೇಡೆಂಬುದು ಇಂದಿನ ವೈದ್ಯರ ಎಚ್ಚರಿಕೆ.

ರೂಸೋಗಿಂತ ಮುಂಚೆ, 1748ರಲ್ಲಿ, ವಿಲಿಯಂ ಕಡೋಗನ್ ಎಂಬ ಇಂಗ್ಲಿಷ್ ವೈದ್ಯ ಶಿಶುಪಾಲನೆಯ ಮೇಲೊಂದು ಪ್ರಬಂಧ ಪ್ರಕಟಿಸಿದ. ಲಂಡನ್ನಿನ ಅನಾಥ ಶಿಶುಗಳ ಆಶ್ರಯವಾದ ಫೌಂಡ್ಲಿಂಗ್ ಆಸ್ಪತ್ರೆಯ ಆಡಳಿತಗಾರರೊಬ್ಬರಿಗೆ ಬರೆದ ಪತ್ರವದು. ಕೂಸಿನ ಮೇಲೆ ಹೇರುವ ಬಟ್ಟೆ ಕೂಸಿನಷ್ಟೇ ತೂಕವಿರುತ್ತದೆಂದು ಆತ ಆಕ್ಷೇಪಿಸಿದ. ತೋಳಿಲ್ಲದ, ಹಿಂದೆ ಸಡಿಲವಾಗಿ ಕಟ್ಟುವ ಫ್ಲಾನೆಲ್ ಅಂಗಿ ಸಾಕೆಂದ. ತಾನು ತಂದೆ, ಮಾಡಿ ನೋಡಿ ಹೇಳುತ್ತಿದ್ದೇನೆಂದೂ ಸೇರಿಸಿದ. ಇಷ್ಟು ವಿವೇಕಿಯಾದವನು, ಶಿಶುಪಾಲನೆ ಬಹುಕಾಲ ಹೆಂಗಸರ ಕೈಯಲ್ಲಿದ್ದುದೇ ಅನರ್ಥಕ್ಕೆ ಕಾರಣವೆಂದು ದೂರಿದ್ದು ವಿಚಿತ್ರ.

ಇಂಗ್ಲೆಂಡಿನಲ್ಲಿ ಆ ಶತಮಾನ ಮುಗಿಯುವ ವೇಳೆಗೆ ಪಟ್ಟಿಯ ಪದ್ಧತಿ ಬಹಳಮಟ್ಟಿಗೆ ಹಿಂದೆ ಸರಿಯಿತು. ಆದರೆ ಬಟ್ಟೆಗೆ ಚುಚ್ಚುವ ಪಿನ್ನು ಉಳಿಯಿತು. 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಮೊನೆಯನ್ನು ಮುಚ್ಚುವ ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದು, ಆ ಹಕ್ಕನ್ನು 400 ಡಾಲರಿಗೆ ಮಾರಿದ. ಕೂಸಿಗೆ ಇದು ದೊಡ್ಡ ಉಪಕಾರವೇ. ಆದರೂ ಒದ್ದಾಡುವ ಕೂಸಿಗೆ ಲಂಗೋಟಿ ತೊಡಿಸುವಾಗ ಮೊನೆ ಹೊರಗೇ ಇರಬೇಕು. ಅದು ತಾಯಿಯ ಬೆರಳನ್ನಾದರೂ ಹುಡುಕುತ್ತಿತ್ತು. ಮೇಲೆ ಹಾಕುವ ರಬ್ಬರ್ ಚಡ್ಡಿ ಹಾಸಿಗೆಯನ್ನು ಕಾಯಿತು, ಕೂಸಿನ ಚರ್ಮವನ್ನು ಕೆಂಪಾಗಿಸಿತು.

ಇದಕ್ಕೆ ಉಪಾಯ ಹುಡುಕಿದವಳು ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ. 1946ರಲ್ಲಿ ಆಕೆ ಬಚ್ಚಲುಮನೆಯ ಪರದೆಯನ್ನು ಕತ್ತರಿಸಿ, ಹೊಲಿದು, ಲಂಗೋಟಿಯ ಮೇಲೆ ತೊಡಿಸುವ ಹೊದಿಕೆ ಮಾಡಿದಳು. ಮುಂದೆ ಹಗುರವಾದ ನೈಲಾನ್ ಬಳಸಿ, ಪಿನ್ನಿನ ಬದಲು ಒತ್ತುಗುಂಡಿ ಇಟ್ಟಳು. ತಯಾರಕರು ಇದು ಯಾರಿಗೂ ಬೇಡವೆಂದರು. 1949ರಲ್ಲಿ ಅದು ನ್ಯೂಯಾರ್ಕಿನ ಸ್ಯಾಕ್ಸ್ ಅಂಗಡಿಯಲ್ಲಿ ಮಾರಾಟಕ್ಕೆ ಬಂದಾಗ ತಾಯಂದಿರು ಮುಗಿಬಿದ್ದು ಕೊಂಡರು. 1951ರಲ್ಲಿ ಪೇಟೆಂಟ್ ದೊರೆಯಿತು. ಹಕ್ಕು 10 ಲಕ್ಷ ಡಾಲರಿಗೆ ಹೋಯಿತು. ಬಳಸಿ ಬಿಸಾಡುವ ಕಾಗದದ ಲಂಗೋಟಿಯನ್ನೂ ಆಕೆ ಯೋಚಿಸಿದ್ದಳು. ಅದಕ್ಕೂ ತಯಾರಕರು ಕಿವಿಗೊಡಲಿಲ್ಲ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ‘ಪ್ಯಾಂಪರ್ಸ್’ ಪೇಟೆಗೆ ಬಂದದ್ದು 1961ರಲ್ಲಿ. ಆ ಕೆಲಸಕ್ಕೆ ಮುಂದಾದ ಎಂಜಿನಿಯರ್ ವಿಕ್ಟರ್ ಮಿಲ್ಸ್, ಮೊಮ್ಮಗುವಿನ ಲಂಗೋಟಿ ಬದಲಿಸಿ ಬೇಸತ್ತಿದ್ದ ತಾತ!

ಕಡೋಗನ್, ಡೊನೊವನ್, ಮಿಲ್ಸ್ ಮೂವರಿಗೂ ಕೂಸಿನ ಸಾಕಣೆ ಸ್ವಂತ ಮನೆಯ ಅನುಭವವಾಗಿತ್ತು. ವೈದ್ಯನ ಮಾತಿಗೆ ಮುದ್ರಣ ದೊರೆಯಿತು, ಎಂಜಿನಿಯರನ ಬೇಸರಕ್ಕೆ ಕಾರ್ಖಾನೆ ದೊರೆಯಿತು. ತಾಯಿ ಮಾತ್ರ ಬಾಗಿಲು ಬಾಗಿಲು ತಟ್ಟಬೇಕಾಯಿತು. ಇಂದಿಗೂ ಅಂಗಡಿಗಳಲ್ಲಿ ತಲೆ ತೂರದ ಕತ್ತಿನ ಅಂಗಿ, ಮಲಗಿದ ಕೂಸಿನ ಬೆನ್ನಿಗೊತ್ತುವ ಗುಂಡಿ ಧಾರಾಳವಾಗಿ ಸಿಗುತ್ತವೆ. ಉಡುಗೊರೆ ಕೊಡುವವರ ಕಣ್ಣಿಗೆ ಅವು ಚೆಂದ. ನಡುರಾತ್ರಿ ಎದ್ದು ಅವನ್ನು ಬಿಚ್ಚುವವರನ್ನು ಹೊಲಿಯುವ ಮೊದಲೇ ಕೇಳಿದ್ದರೆ, ಎಷ್ಟೋ ಅಳು ನಿಲ್ಲುತ್ತಿತ್ತು.