ಗೆದ್ದವನ ಮನೆಯಲ್ಲಿ ಸೋತವನ ಪ್ರತಿಮೆ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಲಂಡನ್ನಿನ ಹೈಡ್ ಪಾರ್ಕ್ ಕಾರ್ನರ್ ಪಕ್ಕದ ಆಪ್ಸ್ಲಿ ಹೌಸ್ ನೋಡಲು ಹೋಗಿದ್ದೆ. ವಾಟರ್ಲೂ ಕದನ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್‌ನ ಮನೆ ಅದು. ಒಳಗೆ ಮಹಡಿ ಮೆಟ್ಟಿಲಿನ ಬುಡದಲ್ಲಿ ಹನ್ನೊಂದು ಅಡಿಗೂ ಮೀರಿದ ಅಮೃತಶಿಲೆಯ ಪ್ರತಿಮೆಯೊಂದು ನಿಂತಿದೆ. ಅದು ಇಟಲಿಯ ಶಿಲ್ಪಿ ಕನೋವಾ ಕೆತ್ತಿದ ನೆಪೋಲಿಯನ್. ಗ್ರೀಕ್ ದೇವತೆಯಂತೆ ಬೆತ್ತಲಾಗಿ ನಿಂತ ಈ ಪ್ರತಿಮೆ ನೆಪೋಲಿಯನ್‌ಗೇ ಹಿಡಿಸಲಿಲ್ಲ. 1816ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಕೊಂಡು ವೆಲಿಂಗ್ಟನ್‌ಗೆ ಕಾಣಿಕೆಯಾಗಿ ಕೊಟ್ಟಿತು.

"ತಾತ, ಸೋತವರ ಪ್ರತಿಮೆ ಗೆದ್ದವರ ಮನೇಲಿ ಯಾಕಿದೆ? ಅವರು ಒಳ್ಳೆಯವರಾ, ಕೆಟ್ಟವರಾ?" ಎಂದು ಮೊಮ್ಮಗಳು ಕೇಳಿದಳು. ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಲೇಖನ ಅವಳಿಗೆ ನಾನು ಕೊಡಬೇಕಿದ್ದ ಉತ್ತರ. ನಾನು ಇತಿಹಾಸಕಾರನಲ್ಲ, ನಿವೃತ್ತ ವೈದ್ಯ. ಹಾಗಾಗಿ ರೋಗಿಯ ಕೇಸ್ ಶೀಟ್ ಬರೆಯುವ ಅಭ್ಯಾಸದಲ್ಲೇ ಬರೆಯುತ್ತಿದ್ದೇನೆ.

ಮೊದಲು ಹುಟ್ಟು, ಬೆಳವಣಿಗೆ. 1769ರ ಆಗಸ್ಟ್ 15ರಂದು ಕಾರ್ಸಿಕಾ ದ್ವೀಪದ ಅಜಾಕ್ಸಿಯೋದಲ್ಲಿ ಆತ ಹುಟ್ಟಿದ. ದ್ವೀಪ ಫ್ರಾನ್ಸಿನ ಕೈಗೆ ಬಂದು ಒಂದು ವರ್ಷವಾಗಿತ್ತಷ್ಟೆ. ಒಂಬತ್ತನೆಯ ವಯಸ್ಸಿಗೆ ಫ್ರೆಂಚ್ ಸೈನಿಕ ಶಾಲೆ ಸೇರಿದ ಹುಡುಗನ ಮಾತಿನಲ್ಲಿ ಕಾರ್ಸಿಕಾದ ಧಾಟಿ ಕೊನೆಯವರೆಗೂ ಹೋಗಲಿಲ್ಲ. ಪರದೇಶದಲ್ಲಿ ಇಂಗ್ಲಿಷ್ ಮಾತಾಡುವ ನಮಗೆ ಅದರ ಮುಜುಗರ ಗೊತ್ತು! ಹದಿನಾರಕ್ಕೆ ಫಿರಂಗಿ ದಳದ ಅಧಿಕಾರಿಯಾದ. ಫ್ರೆಂಚ್ ಕ್ರಾಂತಿ ಹಳೆಯ ಶ್ರೀಮಂತ ಅಧಿಕಾರಿಗಳನ್ನು ಓಡಿಸಿ ಪ್ರತಿಭೆಗೆ ಬಾಗಿಲು ತೆರೆದಿತ್ತು. 1793ರಲ್ಲಿ ತೂಲೋನ್ ಬಂದರನ್ನು ಮರಳಿ ಪಡೆಯುವಲ್ಲಿ ತೋರಿದ ಚಾಕಚಕ್ಯತೆಯಿಂದ ಇಪ್ಪತ್ತನಾಲ್ಕಕ್ಕೇ ಜನರಲ್ ಆದ. 1796ರ ಇಟಲಿಯ ದಂಡಯಾತ್ರೆ ಆತನ ಹೆಸರನ್ನು ಯುರೋಪಿಗೆಲ್ಲ ಹರಡಿತು.

ಇಲ್ಲಿಂದ ಕಥೆ ನಮ್ಮೂರಿನ ಕಡೆಗೆ ತಿರುಗುತ್ತದೆ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಇಂಗ್ಲಿಷರ ಭಾರತದ ದಾರಿಯನ್ನು ಬೆದರಿಸುವುದು ಉದ್ದೇಶಗಳಲ್ಲೊಂದು. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದು, ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ನಿಮ್ಮನ್ನು ಇಂಗ್ಲಿಷರ ನೊಗದಿಂದ ಬಿಡಿಸುವ ಆಸೆಯಿದೆ ಎಂದು ತಿಳಿಸಿದ. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈ ಸೇರಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದಾಗ, ನೆರವಿನ ಆಸೆ ತೋರಿಸಿದವನು ಪ್ಯಾಲೆಸ್ಟೈನಿನ ಏಕರ್ ಕೋಟೆಯ ಕೆಳಗೆ ಸಿಕ್ಕಿಬಿದ್ದಿದ್ದ. ಮೇ 20ರಂದು ಆ ಮುತ್ತಿಗೆ ಬಿಟ್ಟು ಬರಿಗೈಯಲ್ಲಿ ಹಿಂತಿರುಗಿದ.

ಶ್ರೀರಂಗಪಟ್ಟಣ ಮುತ್ತಿದ ಸೈನ್ಯದಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದ್ದ. ಗವರ್ನರ್ ಜನರಲ್‌ನ ತಮ್ಮ, ನೆಪೋಲಿಯನ್ ಹುಟ್ಟಿದ ವರ್ಷವೇ ಹುಟ್ಟಿದವನು. ಪಟ್ಟಣದ ಆಡಳಿತ ವಹಿಸಿಕೊಂಡು, ನಾನು ಶಾಲಾ ಪ್ರವಾಸದಲ್ಲಿ ಕಂಡ ದರಿಯಾ ದೌಲತ್‌ನಲ್ಲಿ ವಾಸವಿದ್ದ. ಈತನೇ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್. ಕಾವೇರಿ ದಡದಲ್ಲಿ ಪಳಗಿದವನು ಹದಿನಾರು ವರ್ಷಗಳ ನಂತರ ವಾಟರ್ಲೂವಿನಲ್ಲಿ ನೆಪೋಲಿಯನ್‌ಗೆ ಎದುರಾದ.

ಏಕರ್ ಯಾತ್ರೆಯ ಇನ್ನೊಂದು ಪ್ರಸಂಗ ವೈದ್ಯನಾದ ನನ್ನನ್ನು ಕಾಡುತ್ತದೆ. ಜಾಫಾದಲ್ಲಿ ಸೈನ್ಯಕ್ಕೆ ಪ್ಲೇಗ್ ತಗುಲಿತ್ತು. ನೆಪೋಲಿಯನ್ ಆಸ್ಪತ್ರೆಗೇ ಹೋಗಿ ರೋಗಿಗಳ ನಡುವೆ ಓಡಾಡಿ ಧೈರ್ಯ ತುಂಬಿದ. ಆದರೆ ಹಿಮ್ಮೆಟ್ಟುವಾಗ, ಹೊತ್ತೊಯ್ಯಲಾಗದ ರೋಗಿಗಳಿಗೆ ಅಫೀಮು ಕೊಟ್ಟು ಮುಗಿಸಬಾರದೇ ಎಂದು ಆತ ಕೇಳಿದ್ದನ್ನೂ, ಬದುಕಿಸುವುದು ನನ್ನ ಕೆಲಸ ಎಂದು ತಾನು ನಿರಾಕರಿಸಿದ್ದನ್ನೂ ಮುಖ್ಯ ವೈದ್ಯ ಡೆಜೆನೆಟ್ ಬರೆದಿಟ್ಟಿದ್ದಾನೆ. ಎದುರಾಡಿದ ಆ ವೈದ್ಯ ಕೆಲಸ ಕಳೆದುಕೊಳ್ಳಲಿಲ್ಲ. ಮುಂದೆಯೂ ಸೇನೆಯಲ್ಲಿ ದೊಡ್ಡ ಹುದ್ದೆಯಲ್ಲೇ ಇದ್ದ. ಏರುವ ಕಾಲದ ನೆಪೋಲಿಯನ್‌ಗೆ 'ಆಗದು' ಎಂಬ ಮಾತು ಕೇಳುವ ಕಿವಿಯಿತ್ತು.

1799ರ ನವೆಂಬರಿನಲ್ಲಿ ಅಧಿಕಾರ ಹಿಡಿದವನು ಮಾಡಿದ ಒಳ್ಳೆಯ ಕೆಲಸಗಳು ಕಡಿಮೆಯಲ್ಲ. ಬ್ಯಾಂಕ್ ಆಫ್ ಫ್ರಾನ್ಸ್, ಸರ್ಕಾರಿ ಪ್ರೌಢಶಾಲೆಗಳು, ಕಾನೂನಿನ ಮುಂದೆ ಪುರುಷರೆಲ್ಲ ಸಮಾನರೆಂದ 1804ರ ನಾಗರಿಕ ಸಂಹಿತೆ. ಸಿಡುಬಿನ ಲಸಿಕೆಗೂ ಬೆಂಬಲ ಕೊಟ್ಟು, ತನ್ನ ಮಗನಿಗೇ ಹಾಕಿಸಿದ. ಆದರೆ ಅದೇ ಸಂಹಿತೆ ಹೆಂಡತಿಯನ್ನು ಗಂಡನ ಅಧೀನಕ್ಕೆ ಒಪ್ಪಿಸಿತು. ಕ್ರಾಂತಿ ರದ್ದು ಮಾಡಿದ್ದ ಗುಲಾಮಗಿರಿಯನ್ನು 1802ರಲ್ಲಿ ಆತ ವಸಾಹತುಗಳಲ್ಲಿ ಮತ್ತೆ ತಂದ. ಹೈಟಿಯ ಕರಿಯ ಜನರನ್ನು ಅಡಗಿಸಲು ಕಳಿಸಿದ ಸೈನ್ಯದ ಬಹುಪಾಲು ಹಳದಿ ಜ್ವರಕ್ಕೆ ಬಲಿಯಾಯಿತು. ದಂಡನಾಯಕನಾಗಿದ್ದ ಆತನ ಭಾವಮೈದುನನೂ ಸತ್ತ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಅದೇ ವರ್ಷದ ಡಿಸೆಂಬರ್ 2ರಂದು ಪೋಪ್ ನೋಡುತ್ತಿದ್ದಂತೆ ನೆಪೋಲಿಯನ್ ತಾನೇ ಕಿರೀಟ ಎತ್ತಿ ತಲೆಗಿಟ್ಟುಕೊಂಡ.

ಮರುವರ್ಷ ಅದೇ ದಿನ ಆಸ್ಟರ್ಲಿಟ್ಜ್‌ನಲ್ಲಿ ರಷ್ಯಾ, ಆಸ್ಟ್ರಿಯಾಗಳ ಸೈನ್ಯವನ್ನು ಒಟ್ಟಿಗೆ ಸೋಲಿಸಿದ. ಆದರೆ ಟ್ರಫಾಲ್ಗರ್ ಕದನದ ಮೇಲೆ ಸಮುದ್ರ ಇಂಗ್ಲಿಷರದಾಗಿತ್ತು. ಅವರ ವ್ಯಾಪಾರಕ್ಕೆ ಯುರೋಪಿನ ಬಂದರುಗಳನ್ನೆಲ್ಲ ಮುಚ್ಚಿಸಹೊರಟು 1808ರಲ್ಲಿ ಸ್ಪೇನಿನ ಉರುಲಿಗೆ ಸಿಕ್ಕಿಕೊಂಡ. ಆ ನಿರ್ಬಂಧದಿಂದ ಹೊರಬಂದ ರಷ್ಯಾದ ಮೇಲೆ 1812ರ ಜೂನ್‌ನಲ್ಲಿ ನುಗ್ಗಿದ. ರಷ್ಯಾದಲ್ಲಿ ರಾಯಭಾರಿಯಾಗಿದ್ದ ಕೊಲೆನ್‌ಕೂರ್ ಹಿಂದಿನ ವರ್ಷವೇ ಗಂಟೆಗಟ್ಟಲೆ ಕೂತು ಎಚ್ಚರಿಸಿದ್ದ: ಅವರು ಹಿಂದೆ ಸರಿಯುತ್ತ ಹೋಗುತ್ತಾರೆ, ಚಳಿಗಾಲ ಅವರ ಪರವಾಗಿ ಹೋರಾಡುತ್ತದೆ ಎಂದು. ಹೇಳುವವರು ಇನ್ನೂ ಇದ್ದರು, ಕೇಳುವ ಕಿವಿ ಮುಚ್ಚಿತ್ತು.

ಚಳಿಯೇ ಆ ಸೈನ್ಯವನ್ನು ಕೊಂದಿತೆಂದು ನಾವೆಲ್ಲ ಓದಿದ್ದೇವೆ. ರೋಗ ಅದಕ್ಕೂ ಮೊದಲೇ ಶುರುವಾಗಿತ್ತು. ಫ್ರೆಂಚ್ ಎಂಜಿನಿಯರ್ ಮಿನಾರ್ 1869ರಲ್ಲಿ ಬರೆದ ಪ್ರಸಿದ್ಧ ನಕ್ಷೆಯ ಪ್ರಕಾರ ನೀಮೆನ್ ನದಿ ದಾಟಿದವರು 4,22,000, ಮಾಸ್ಕೋ ತಲುಪಿದವರು 1,00,000, ಮರಳಿ ಬಂದವರು 10,000. ಮೊದಲ ಭಾರಿ ಕುಸಿತ ಬೇಸಿಗೆಯಲ್ಲೇ ಆಗಿದೆ. ಹಸಿವು, ಬಿಸಿಲು, ರಕ್ತಭೇದಿ, ಟೈಫಸ್ ಜ್ವರ, ಓಡಿಹೋದವರು ಎಲ್ಲ ಸೇರಿ. ಟೈಫಸ್ ಹರಡುವುದು ಮೈಹೇನಿನಿಂದ ಎಂದು ಗೊತ್ತಾದದ್ದು 1909ರಲ್ಲಿ. 2001ರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಆ ಸೈನಿಕರ ಸಾಮೂಹಿಕ ಗೋರಿ ಸಿಕ್ಕಿತು. ಅಲ್ಲಿನ ಹಲ್ಲುಗಳಲ್ಲಿ ಟೈಫಸ್ ರೋಗಾಣುವಿನ ಕುರುಹು ಕಂಡುಬಂತು.

ಆಮೇಲಿನದು ಬೇಗ ಮುಗಿಯಿತು. 1813ರಲ್ಲಿ ಲೈಪ್‌ಜಿಗ್, 1814ರಲ್ಲಿ ಎಲ್ಬಾ ದ್ವೀಪ, ಅಲ್ಲಿಂದ ತಪ್ಪಿಸಿಕೊಂಡು ಬಂದು 1815ರ ಜೂನ್ 18ರಂದು ವಾಟರ್ಲೂ, ಕೊನೆಗೆ ಸೇಂಟ್ ಹೆಲೆನಾ. 1821ರ ಮೇ 5ರಂದು ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ವಿಷ ಹಾಕಿದರೆಂಬ ಕಥೆ ಇಂದಿಗೂ ಇದೆ. ಮರಣೋತ್ತರ ಪರೀಕ್ಷೆಯ ವಿವರಣೆ ಓದಿದರೆ ಹೊಟ್ಟೆಯ ಕ್ಯಾನ್ಸರ್ ಎಂಬುದೇ ನನಗೆ ಒಪ್ಪಿಗೆ. ಉಯಿಲಿನಲ್ಲಿ ಸೇನಾ ಶಸ್ತ್ರವೈದ್ಯ ಲಾರೆಗೆ ಒಂದು ಲಕ್ಷ ಫ್ರಾಂಕ್ ಬಿಟ್ಟು, ತಾನು ಕಂಡ ಅತ್ಯಂತ ಸದ್ಗುಣಿ ಈತನೆಂದು ಬರೆಸಿದ. ಗಾಯಾಳುವಿನ ಪದವಿ ನೋಡದೆ ಗಾಯ ನೋಡಿ ಸರದಿ ಕೊಟ್ಟ ವೈದ್ಯ ಈತ. ಇಂದಿನ ತುರ್ತು ಚಿಕಿತ್ಸಾ ವಿಭಾಗಗಳೆಲ್ಲ ಅದೇ ನಿಯಮದಲ್ಲಿ ನಡೆಯುತ್ತವೆ.

ಒಂದು ಸ್ವಂತ ಮಾತು. ಹಿರಿಯ ವೈದ್ಯನಾದ ಮೇಲೆ ಒಂದು ರಾತ್ರಿ, ರೋಗಿಯೊಬ್ಬರ ಹೊಟ್ಟೆನೋವು ನಾನಂದುಕೊಂಡಂಥದ್ದಲ್ಲ ಎಂದು ಕಿರಿಯ ನರ್ಸ್ ಎರಡು ಸಲ ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಗಾಗುವ ಹೊತ್ತಿಗೆ ಅವರ ಮಾತೇ ನಿಜವಾಗಿತ್ತು. ರೋಗಿ ಉಳಿದುಕೊಂಡರು, ಅದು ನನ್ನ ಪುಣ್ಯ. ಆ ರಾತ್ರಿಯವರೆಗೂ ನನಗೆ ಯಾರೂ ಎದುರು ಹೇಳದಿದ್ದುದನ್ನು ನಾನು ಗೌರವವೆಂದೇ ತಿಳಿದಿದ್ದೆ.

ಹಾಗಾಗಿ ಪುಟ್ಟಿ, ಆ ಮನುಷ್ಯ ಒಳ್ಳೆಯವನೂ ಕೆಟ್ಟವನೂ ಎರಡೂ ಆಗಿದ್ದ. ಲಸಿಕೆ ಹಾಕಿಸಿದ ಕೈಯೇ ಗುಲಾಮಗಿರಿಯ ಕಾನೂನಿಗೆ ಸಹಿ ಹಾಕಿತು. ಸೋತವನ ಪ್ರತಿಮೆಯನ್ನು ಗೆದ್ದವನು ಮೆಟ್ಟಿಲ ಬುಡದಲ್ಲಿಟ್ಟ. ಹೆಮ್ಮೆಗೇ ಇಟ್ಟಿರಬೇಕು. ದಿನಾ ಹತ್ತಿ ಇಳಿಯುವವನಿಗೆ ಅದು ಎಚ್ಚರಿಕೆಯೂ ಆಗಿದ್ದರೆ ಒಳ್ಳೆಯದೇ. ನಾಳೆ ನೀನು ಎಷ್ಟೇ ದೊಡ್ಡವಳಾದರೂ, 'ಅದು ಸರಿಯಲ್ಲ' ಎಂದು ಹೇಳಬಲ್ಲ ಒಬ್ಬರನ್ನು ಹತ್ತಿರ ಇಟ್ಟುಕೋ. ಸದ್ಯಕ್ಕೆ ಈ ತಾತನಿಗೆ ನೀನೇ ಸಾಕು.