ಲೆಕ್ಕಕ್ಕೆ ಸಿಗದ ಲೆಕ್ಕ

ಮಕ್ಕಳು ಇಂಗ್ಲಿಷ್ ಕಲಿತ ಮೇಲೆ ನಮ್ಮ ಮನೆಯಲ್ಲಿ ಎಲ್ಲವೂ ಹೆಚ್ಚಾಗಿಬಿಟ್ಟಿದೆ. ಹೋಂವರ್ಕ್ ಟನ್ನುಗಟ್ಟಲೆ, ಸ್ನೇಹಿತರು ಲೋಡುಗಟ್ಟಲೆ. ನಾನು ಬುದ್ಧಿ ಹೇಳುವುದಂತೂ ‘ಅಂಪ್ಟೀನ್ ಟೈಮ್ಸ್’! ಈ ಪದಗಳ ಕುಲಗೋತ್ರ ನೋಡೋಣವೆಂದು ಒಂದು ಮಧ್ಯಾಹ್ನ ನಿಘಂಟು ಹಿಡಿದು ಕುಳಿತೆ.

‘ಹೀಪ್ಸ್’ ನಮ್ಮ ‘ರಾಶಿ’ಯ ತಂಗಿ. ಕಣದಲ್ಲಿ ಗುಡ್ಡೆ ಹಾಕಿದ ಕಾಳನ್ನು ಎಣಿಸುವವರುಂಟೇ? ‘ಲಾಟ್’ನ ಕಥೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದು ಅದೃಷ್ಟ ನೋಡಲು ಎತ್ತುತ್ತಿದ್ದ ಮರದ ಚೂರಿನಂಥ ವಸ್ತು. ಆಮೇಲೆ ಅದರಿಂದ ದಕ್ಕಿದ ಪಾಲು, ಬಳಿಕ ಹರಾಜಿನ ಸಾಮಾನಿನ ಗುಂಪು, ಕೊನೆಗೆ ‘ಬೇಕಾದಷ್ಟು’. ಲಾಟರಿಯೂ ಅದೇ ಬಳಗದ್ದು.

ಅಂಪ್ಟೀನ್ ಹುಟ್ಟಿದ್ದು ತಂತಿಯ ಸದ್ದಿನಲ್ಲಿ. ಮೋರ್ಸ್ ಸಂಕೇತದ ಗೀಟಿಗೆ ಆಡುಮಾತಿನಲ್ಲಿ ‘ಅಂಪ್ಟಿ’ ಎನ್ನುತ್ತಿದ್ದರು. ಅದಕ್ಕೆ ಥರ್ಟೀನ್, ಫೋರ್ಟೀನ್‌ಗಳ ಬಾಲ ಅಂಟಿತು. 1914–18ರ ಮಹಾಯುದ್ಧದ ಕಾಲದಲ್ಲಿ ಸೈನಿಕರ ಬಾಯಲ್ಲಿ ಬೆಳೆದ ಮಾತಿದು. ಎಣಿಸಿ ಎಣಿಸಿ ಬೇಸತ್ತವರ ಮಾತು.

ಲೆಕ್ಕದ ಪದಗಳೂ ಜಾರುತ್ತವೆ ನೋಡಿ. ಬ್ರಿಟನ್ನಿನಲ್ಲಿ ಹಿಂದೆ ಬಿಲಿಯನ್ ಎಂದರೆ ನಮ್ಮ ಲಕ್ಷ ಕೋಟಿ. ಅಮೆರಿಕದಲ್ಲಿ ಬರೀ ನೂರು ಕೋಟಿ. 1974ರಲ್ಲಿ ಬ್ರಿಟಿಷ್ ಸರ್ಕಾರವೂ ನೂರು ಕೋಟಿಗೇ ಒಪ್ಪಿತು. ಇನ್ನು ‘ಜಿಲಿಯನ್’ಗೆ ಲೆಕ್ಕವೇ ಇಲ್ಲ. ಮಿಲಿಯನ್ನಿನ ವೇಷ ತೊಟ್ಟ ಬುರುಡೆ ಅದು.

ನನಗೆ ಹಿಡಿಸಿದ್ದು ‘ಸ್ಕೋರ್’. ಕೋಲಿನ ಮೇಲೆ ಕೊರೆದ ಗೀಟು ಎಂದು ಅದರ ಮೂಲ ಅರ್ಥ. ಇಪ್ಪತ್ತಕ್ಕೊಂದು ಗೀಟು ಹಾಕಿ ಎಣಿಸುತ್ತಿದ್ದರಿಂದ ಇಪ್ಪತ್ತಕ್ಕೇ ಸ್ಕೋರ್ ಎಂದು ಹೆಸರಾಯಿತು. ಕ್ರಿಕೆಟ್ಟಿನ ಸ್ಕೋರೂ ಅದೇ. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ; ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಲಿನ ಗೀಟು ಎಳೆಯುತ್ತಿದ್ದಳು. ಹಾಲಿನವನ ಬಾಯಿಮಾತು ಆ ಗೋಡೆಯ ಮುಂದೆ ನಡೆಯುತ್ತಿರಲಿಲ್ಲ.

ನಾವಾದರೋ ‘ಮನೆಗೆಲಸ ರಾಶಿ ಬಿದ್ದಿದೆ’ ಎನ್ನುತ್ತೇವೆ. ರಾಶಿ ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ಕೂತಲ್ಲಿಂದ ‘ಸ್ವಲ್ಪ ನೀರು’, ‘ಸ್ವಲ್ಪ ಕಾಫಿ’ ಎಂದು ಕೂಗಿದಾಗಲೆಲ್ಲ ಎದ್ದೆನಲ್ಲ, ಒಂದು ಭಾನುವಾರ ಪ್ರತಿಸಲವೂ ಕ್ಯಾಲೆಂಡರಿನ ಹಿಂಬದಿಗೆ ಗೀಟು ಹಾಕಿದೆ. ಸಂಜೆಗೆ ಒಂದು ಸ್ಕೋರ್ ದಾಟಿ ಮೂರು ಗೀಟು ಹೆಚ್ಚಿತ್ತು. ಯಜಮಾನರು ನೋಡಿದರು, ಮಾತಾಡಲಿಲ್ಲ. ಇಪ್ಪತ್ನಾಲ್ಕನೆಯ ಲೋಟ ನೀರನ್ನು ತಾವೇ ಎದ್ದು ತಂದುಕೊಂಡರು.