ಭಾನುವಾರದ ಹೊಟ್ಟೆನೋವು

ವಸತಿಶಾಲೆಯಲ್ಲಿ ಓದಿದವರಿಗೆಲ್ಲ ಭಾನುವಾರ ಸಂಜೆಯ ಹೊಟ್ಟೆನೋವು ಗೊತ್ತು. ನೋಡಲು ಬಂದಿದ್ದ ಅಪ್ಪ-ಅಮ್ಮ ಬಸ್ಸು ಹತ್ತಿದ ಮೇಲೆ ಶುರುವಾಗುವ ನೋವು ಅದು. ನಾವಿದ್ದ ಹಾಸ್ಟೆಲಿನಲ್ಲಿ ವಾರ್ಡನ್ ಸಾಹೇಬರು ಅದಕ್ಕೊಂದು ಬಿಳಿ ಮಾತ್ರೆ ಕೊಡುತ್ತಿದ್ದರು. ಜ್ವರಕ್ಕೂ ಅದೇ ಮಾತ್ರೆ. ಉರ್ದುವಿನಲ್ಲಿ ವಾಕರಿಕೆ ಬಂದರೆ ‘ಜೀ ಮತ್ಲಾ ರಹಾ ಹೈ’ ಎನ್ನುತ್ತೇವೆ, ದಿಗಿಲಾದರೆ ‘ಜೀ ಘಬ್ರಾ ರಹಾ ಹೈ’ ಎನ್ನುತ್ತೇವೆ. ಈ ‘ಜೀ’ ಇರುವುದು ಹೊಟ್ಟೆಯಲ್ಲೋ ಮನಸ್ಸಿನಲ್ಲೋ ಎಂದು ಯಾರೂ ಕೇಳುವುದಿಲ್ಲ. ಕನ್ನಡದ ‘ಸಂಕಟ’ವೂ ಅಂಥದ್ದೇ. ಮನೆಮಾತುಗಳಿಗೆ ಮೊದಲೇ ತಿಳಿದಿದ್ದ ಈ ಸಂಗತಿ ಸರ್ಕಾರಿ ವಸತಿಶಾಲೆಗಳ ಕಡತಕ್ಕೆ ಇಳಿಯಲು ಮೂರು ದಶಕಗಳು ಹಿಡಿದವು.

ಜವಾಹರ್ ನವೋದಯ ವಿದ್ಯಾಲಯಗಳನ್ನೇ ನೋಡೋಣ. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆಗಳೊಂದಿಗೆ ಪ್ರಯೋಗ ಆರಂಭವಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಅದು ಜಿಲ್ಲೆ ಜಿಲ್ಲೆಗೂ ಹರಡಿತು. ಕನಿಷ್ಠ ಶೇ. 75ರಷ್ಟು ಸೀಟು ಹಳ್ಳಿಯ ಮಕ್ಕಳಿಗೆ. ಪ್ರವೇಶ ಪರೀಕ್ಷೆ ಗೆದ್ದು ಆರನೇ ತರಗತಿಗೆ ಬಂದ ಮಗುವಿಗೆ ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಮೈಗೆ ಹುಷಾರಿಲ್ಲದಾಗ ನೋಡಿಕೊಳ್ಳಲು ನರ್ಸ್ ಇದ್ದರು. ಬಡವರ ಮಕ್ಕಳಿಗೆ ಇದು ಸಣ್ಣ ಕೊಡುಗೆಯಲ್ಲ.

ಮನಸ್ಸಿನ ಜವಾಬ್ದಾರಿ ಮಾತ್ರ ‘ಹೌಸ್ ಮಾಸ್ಟರ್’ ಹೆಗಲಿಗೆ ಬಿತ್ತು. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂದು ಬೆಟ್ಟಗಳ ಹೆಸರು ಹೊತ್ತ ಹೌಸ್‌ಗಳಲ್ಲಿ ಮಕ್ಕಳಿದ್ದರು. ಹಗಲು ಪಾಠ ಹೇಳುವ ಮೇಷ್ಟ್ರೇ ರಾತ್ರಿ ಅವರ ಪಾಲಕರು. ಹೆತ್ತವರಿಗಿಂತ ಹೆಚ್ಚಾಗಿ ನೋಡಿಕೊಂಡ ಮೇಷ್ಟ್ರುಗಳು ಇದ್ದೇ ಇದ್ದರು, ಅವರನ್ನು ಮರೆತು ಬರೆಯಬಾರದು. ಆದರೆ ಬೆಳಿಗ್ಗೆ ಲೆಕ್ಕ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದವರ ಬಾಗಿಲನ್ನು ರಾತ್ರಿ ತಟ್ಟಿ ‘ಸಾರ್, ನನಗೇನೋ ಆಗ್ತಿದೆ’ ಎನ್ನುವ ಧೈರ್ಯ ಎಷ್ಟು ಹುಡುಗರಿಗಿದ್ದೀತು?

ಇನ್ನೊಂದು ಏರ್ಪಾಡೂ ಇತ್ತು. ಒಂಬತ್ತನೇ ತರಗತಿಯಲ್ಲಿ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಸೀಮೆಯಿಂದ ಹಿಂದಿಯೇತರ ಸೀಮೆಗೆ, ಇಲ್ಲಿಂದ ಅಲ್ಲಿಗೆ ಕಳಿಸುವುದು. ಉದ್ದೇಶ ರಾಷ್ಟ್ರೀಯ ಭಾವೈಕ್ಯ. ಉದ್ದೇಶ ದೊಡ್ಡದೇ, ಆದರೆ ಹೋಗುವ ಮಗು ಹದಿನಾಲ್ಕರ ಆಸುಪಾಸಿನದು. ಕರ್ನಾಟಕದ ಹಳ್ಳಿಯ ಹುಡುಗಿ ಹಿಂದಿ ನಾಡಿನಲ್ಲಿ ಜ್ವರ ಬಂದರೆ ಹಣೆ ಮುಟ್ಟಿ ತೋರಿಸಬಲ್ಲಳು. ಬೇಸರವನ್ನು ಎಲ್ಲಿ ಮುಟ್ಟಿ ತೋರಿಸುವುದು?

ತಿಳಿವಳಿಕೆಯ ಕೊರತೆ ಇತ್ತೆನ್ನಲಾಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಾಲಾಮಕ್ಕಳ ಮನಸ್ಸಿನ ಬಗ್ಗೆ ವರ್ಷಗಟ್ಟಲೆ ದುಡಿದ ಮಾಳವಿಕಾ ಕಪೂರ್ ಭಾರತದ ಶಾಲೆಗಳ ಮಾನಸಿಕ ಆರೋಗ್ಯ ಕುರಿತ ತಮ್ಮ ಪುಸ್ತಕವನ್ನು 1997ರಲ್ಲೇ ಹೊರತಂದಿದ್ದರು. ನಮ್ಮ ರಾಜ್ಯದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಆರಂಭವಾದದ್ದೂ ಅದೇ ದಶಕದಲ್ಲಿ. ಪುಸ್ತಕ ಒಂದು ಕಡೆ, ಹಾಸ್ಟೆಲು ಇನ್ನೊಂದು ಕಡೆ ಉಳಿದವು.

2018ರ ಕೊನೆಗೆ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಮಾಹಿತಿ ಹಕ್ಕಿನಡಿ ಪಡೆದ ಲೆಕ್ಕ ಪ್ರಕಟಿಸಿತು. 2013ರಿಂದ 2017ರವರೆಗೆ ನವೋದಯಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 49. ಅವರಲ್ಲಿ ಅರ್ಧದಷ್ಟು ದಲಿತ, ಆದಿವಾಸಿ ಮಕ್ಕಳು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಂದ್ರಕ್ಕೆ ನೋಟಿಸು ನೀಡಿತು. ಆಮೇಲೆ ಆಪ್ತಸಮಾಲೋಚಕರ ನೇಮಕವಾಯಿತು, ಗುತ್ತಿಗೆಯ ಮೇಲೆ. ಮಗು ಒಬ್ಬರನ್ನು ನಂಬಿ ಬಾಯಿ ಬಿಡಲು ಆರು ತಿಂಗಳಾದರೂ ಬೇಕು. ಅಷ್ಟರಲ್ಲಿ ಗುತ್ತಿಗೆ ಮುಗಿದರೆ ಇನ್ನೊಬ್ಬರ ಮುಂದೆ ಕಥೆಯನ್ನು ಮೊದಲಿನಿಂದ ಹೇಳಬೇಕು. ಅನೇಕರು ಹೇಳುವುದಿಲ್ಲ, ಹೊಟ್ಟೆನೋವು ಎನ್ನುತ್ತಾರೆ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿಶಾಖಪಟ್ಟಣದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಇಡೀ ದೇಶಕ್ಕೆ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಸಮಾಲೋಚಕರು ಒಬ್ಬರಾದರೂ ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು, ಸಹಾಯವಾಣಿಯ ಸಂಖ್ಯೆ ಹಾಸ್ಟೆಲಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಗೋಡೆಯ ಮೇಲೆ ಸಂಖ್ಯೆ ಬರೆಸುವುದು ಒಂದು ದಿನದ ಕೆಲಸ. ಆದರೆ ನಾವು ಕಂಡ ಹಾಸ್ಟೆಲುಗಳಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡುವುದಿಲ್ಲ. ಫೋನ್ ಇರುವುದು ವಾರ್ಡನ್ ಮೇಜಿನ ಮೇಲೆ. ಅಲ್ಲಿಗೆ ಬಂದ ಹುಡುಗನನ್ನು ಅವರು ಮೊದಲು ಕೇಳುವುದು, ‘ಯಾರಿಗೋ ಫೋನು? ಯಾಕೆ?’